ಎಡಿಲ್‌ನ ಹೆಬ್ಬೆರಳು

“ನಿಮ್ಮಣ್ಣ ಕಳ್ಳ ಕಣೋ ನಿಲ್ಟನ್. ಹೆಣದ ಮುಂದೆ ನಿಂತು ಹೇಳ್ತಿದೀನಿ, ಹೆಣಕ್ಕೂ ಕೇಳಿಸ್ಲಿ. ನನ್ನ ಪೇಜನ್ನ ಪೆಟ್ಟಿಗೆಗೆ ಹಾಕ್ಕೊಂಡು ಹೊರಟವ್ನೆ.”

ನಿಲ್ಟನ್‌ನ ಎರಡೂ ಕೈಯಲ್ಲಿ ಮೊಂಡೋಂಗೊ ಸಾರಿನ ಬಟ್ಟಲುಗಳಿದ್ದವು. ಕರುಳು, ಜೋಳ, ಮೇಲೆ ತೇಲುವ ಕೆಂಪು ಎಣ್ಣೆ. ಬೆರಳು ಸುಡುತ್ತಿತ್ತು. ಕೆಳಗಿಡೋಣವೆಂದರೆ ಜಾಗವಿಲ್ಲ, ಹೇಳಿದವನ ಮುಖಕ್ಕೆ ಎರಚೋಣವೆಂದರೆ ಎದುರಿಗೇ ಅವ್ವ ಕೂತಿದ್ದಾಳೆ. ಅಂಗಳದ ಬೆಂಚುಗಳ ಮೇಲೆ ಕೋಕಾ ಎಲೆ ಜಗಿಯುತ್ತಿದ್ದವರ ದವಡೆಗಳೆಲ್ಲ ನಿಂತುಬಿಟ್ಟವು.

ಹೇಳಿದವನು ಅಬಿಲಿಯೊ, ‘ಹನ್ನೆರಡು ನಕ್ಷತ್ರ’ ಮೇಳದ ಯಜಮಾನ, ಊರವರೆಲ್ಲ ಗೌರವಕ್ಕೆ ಡಾನ್ ಎನ್ನುವವನು. ಚುಪಾಕಾ ಊರಿನಲ್ಲಿ ಅವನನ್ನು ಅರಿಯದ ನಾಯಿಯಿಲ್ಲ. ಸಾವಿನ ಮನೆಗೂ ಮೇಳದ ನೇರಳೆ ಕೋಟನ್ನೇ ಹಾಕಿಕೊಂಡು ಬಂದಿದ್ದ. ಹೊರಗೆ ಬೀದಿಯಲ್ಲಿ ಅವನ ವ್ಯಾನು ನಿಂತಿತ್ತು. ಅದರೊಳಗೆ ಸ್ಯಾಕ್ಸೊಫೋನಿನವರು, ಕ್ಲಾರಿನೆಟ್ಟಿನವರು, ಹಾರ್ಪ್ ನುಡಿಸುವ ಮುದುಕ ಫೌಸ್ಟಿನೊ, ಎಲ್ಲರೂ ವಾದ್ಯಗಳನ್ನು ತಬ್ಬಿಕೊಂಡು ಕೂತಿದ್ದರು. ನಾನು ಹೇಳುವವರೆಗೆ ಯಾರೂ ಇಳಿಯಕೂಡದು ಎಂದು ಯಜಮಾನ ಅಪ್ಪಣೆ ಮಾಡಿದ್ದ.

“ಸಾರು ತಗೊಳ್ಳಿ ಡಾನ್,” ಅಂದ ನಿಲ್ಟನ್. ಬಾಯಿಗೆ ಬಂದದ್ದು ಬೇರೆ, ಆಡಿದ್ದು ಇದು.

“ಸಾರು ಕುಡಿಯಕ್ಕೆ ಬಂದಿಲ್ಲ ಕಣೋ ನಾನು. ಮುಂದಿನ ವಾರ ಸಂತಿಯಾಗೊ ಹಬ್ಬ. ಕಣಿವೆ ತುಂಬಾ ದನದ ಕಿವಿಗೆ ರಿಬ್ಬನ್ ಕಟ್ಟೋ ಕಾಲ. ಜನ ಮೇಳ ಕರೆಯೋದು ಎಲ್ಲಿಂದ? ಇಂಟರ್ನೆಟ್ಟಿನ ಪೇಜಿಂದ. ಪೇಜಿನ ಬೀಗದಕೈ, ಆ ಪಾಸ್‌ವರ್ಡು, ಯಾರ ಹತ್ರ? ಈ ಪುಣ್ಯಾತ್ಮನ ಹತ್ರ! ಹೆಸರು ನಂದು, ಮುಖ ನಂದು, ಬೀಗ ಮಾತ್ರ ಇವನ್ದು. ಇದಕ್ಕೇನಂತಾರೆ? ನೀವೇ ಹೇಳ್ರಪ್ಪ.”

ಬಂದವರಲ್ಲಿ ಅರ್ಧ ಜನ ಸತ್ತ ಎಡಿಲ್‌ನ ಗಿರಾಕಿಗಳೇ. ಹಲ್ಲಿನ ಡಾಕ್ಟರು, ಕಬ್ಬಿಣದಂಗಡಿಯವನು, ಮದುವೆ ಕೇಕು ಮಾಡುವವಳು. ಅವರ ಬೀಗಗಳೂ ಅದೇ ಪೆಟ್ಟಿಗೆಯಲ್ಲಿ ಹೊರಟಿದ್ದವು. ಡಾನ್ ಬೈದು ಮುಗಿಸಲಿ, ಆಮೇಲೆ ಮೆಲ್ಲಗೆ ಕೇಳೋಣ ಎಂದು ಕಾಯುತ್ತಿದ್ದರು.

“ಬೀಗದಕೈ ನೀವೇ ಬೇಡ ಅಂದಿದ್ರಿ ಡಾನ್. ನಾನಿದ್ದೆ ಅಲ್ಲಿ,” ಅಂದ ನಿಲ್ಟನ್.

“ಓಹೋ, ಸಾಕ್ಷಿ ನೋಡು! ಇಸ್ಕೂಲು ಬಿಟ್ಟು ಮೂರು ಚಕ್ರದ ಗಾಡಿ ಓಡಿಸೋನು ನನಗೆ ಕಂಪ್ಯೂಟರ್ ಪಾಠ ಹೇಳ್ತಾನೆ.”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ನಿಲ್ಟನ್ ಬಟ್ಟಲುಗಳನ್ನು ಕೇಕಿನವಳ ಮಡಿಲಿಗೆ ತುರುಕಿ ಮುಂದೆ ಬಂದ. ಅಷ್ಟರಲ್ಲಿ ಅವ್ವ, ಮೆಲ್ಚೊರಾ, ಎದ್ದು ನಿಂತಳು. ಮಗನ ಕಡೆ ನೋಡಲಿಲ್ಲ. ಯಜಮಾನನ ಕೈ ಹಿಡಿದುಕೊಂಡಳು.

“ಡಾನ್ ಅಬಿಲಿಯೊ, ಅವನು ನಿಮ್ಮ ಕಂಪಾದ್ರೆ, ಧರ್ಮದ ನೆಂಟ. ನಿಮ್ಮ ವ್ಯಾನು ಬಂದಾಗ ಬಾಟ್ಲಿ ಒಡೆದು ಅದಕ್ಕೆ ಧರ್ಮಪಿತ ಆಗಿ ನಿಂತೋನು. ಸತ್ರೆ ಮೇಳ ತರ್ತೀನಿ ಅಂದಿದ್ರಿ. ಮಾತು ಕೊಟ್ಟಿದ್ರಿ.”

“ತಂದಿದೀನಲ್ಲಮ್ಮ. ಹೊರಗಡೆ ಕೂತವ್ರೆ. ನನ್ನ ಪೇಜು ನನಗೆ ಬರ್ಲಿ, ಅವರು ಇಳೀತಾರೆ.”

ಮೇಳವಿಲ್ಲದೆ ಹೋದವನಿಗೆ ಆಚೆ ಕಡೆ ಬಾಗಿಲು ತೆಗೆಯುವವರಿರುವುದಿಲ್ಲ ಎಂದು ಮೆಲ್ಚೊರಾ ನಂಬಿದ್ದಳು. ಗಂಡ ಗಣಿಯಲ್ಲಿ ಸತ್ತಾಗ ಮಣ್ಣಿನೊಳಗೇ ಉಳಿದುಹೋದ, ಅವನಿಗೆ ಒಂದು ಕೊಳಲೂ ಊದಲಿಲ್ಲ. ಆ ಸಂಕಟ ಅವಳ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಮಗನೂ ಹಾಗೇ ಹೋಗಬೇಕೆ?

*

ಎಡಿಲ್, ಪೂರ್ತಿ ಹೆಸರು ಎಡಿಲ್ಬೆರ್ತೊ, ಊರವರಿಗೆ ಪೋಸ್ಟರು, ಪೇಜು ಮಾಡಿಕೊಡುತ್ತಿದ್ದದ್ದು ಕೋಳಿಸಾರಿನ ಹೋಟೆಲಿನ ಮೇಲಿನ ಕೋಣೆಯಲ್ಲಿ. ಒಂದು ಕಂಪ್ಯೂಟರು, ಒಂದು ಮಂಚ, ಒಂದು ಕುರ್ಚಿ, ಮೊಣಕಾಲ ಮೇಲೊಂದು ಕಂಬಳಿ. ನನಗೆ ಯಜಮಾನನಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಯಜಮಾನನಿಲ್ಲದವನಿಗೆ ಊರೆಲ್ಲ ಯಜಮಾನರೇ. ಊಟಕ್ಕೆ ಕೂತರೆ ಫೋನು, ಪಾಯಿಖಾನೆಗೆ ಹೋದರೆ ಫೋನು. “ಎಡಿಲೂ, ಬಂಗಾರ, ಒಂದೇ ಒಂದು ಸಣ್ಣ ಬದಲಾವಣೆ.” ಹಲ್ಲಿನ ಡಾಕ್ಟರಿಗೆ ಹಲ್ಲು ಇನ್ನಷ್ಟು ಬೆಳ್ಳಗಾಗಬೇಕು. ಕಬ್ಬಿಣದಂಗಡಿಯವನಿಗೆ ವೆಬ್‌ಸೈಟಿನಲ್ಲಿ ಅಂಗಡಿಯ ಹೆಸರು ಇನ್ನೂ ದೊಡ್ಡದಾಗಬೇಕು, ಜೊತೆಗೆ ಎಲ್ಲ ಮೊಳೆಗಳ ಚಿತ್ರವೂ ಕಾಣಬೇಕು. ಚುನಾವಣೆಗೆ ನಿಂತವನಿಗೆ ಬಣ್ಣ ತಿಳಿಯಾಗಬೇಕು, ಆದರೆ ತಿಳಿ ಮಾಡಿದ್ದು ಗೊತ್ತಾಗಬಾರದು.

ಮೇಳದವರು ಫೋಟೋಗೆ ಸ್ವೆಟರಿನಲ್ಲೇ ಬರುತ್ತಿದ್ದರು. ಎಡಿಲ್ ಅವರ ತಲೆಗಳನ್ನಷ್ಟೇ ಕತ್ತರಿಸಿ ಕೋಟು ತೊಟ್ಟ ಒಂದೇ ಮೈಗೆ ಕೂರಿಸುತ್ತಿದ್ದ. ಪೋಸ್ಟರಿನಲ್ಲಿ ಹನ್ನೆರಡು ಜನಕ್ಕೂ ಅದೇ ಎದೆ, ಅದೇ ಟೈ. “ನನ್ನ ಹೊಟ್ಟೆ ಎಲ್ಲೋ?” ಎಂದು ಫೌಸ್ಟಿನೊ ಒಮ್ಮೆ ಮೆಟ್ಟಿಲು ಹತ್ತಿ ಬಂದು ಕೇಳಿದ್ದ. “ಮನೇಲಿಟ್ಟು ಬನ್ನಿ ಅಂದಿದ್ನಲ್ಲ ತಾತ, ನೀವೇ ಹೊತ್ಕೊಂಡ್ ಬಂದಿದೀರ” ಎಂದಿದ್ದ ಎಡಿಲ್. ಇಬ್ಬರೂ ನಕ್ಕಿದ್ದರು. ಆದರೂ ಮುದುಕನಿಗೆ ಬೇಸರವಾಯಿತೇನೋ ಎಂದು ಎಡಿಲ್‌ಗೆ ಅನುಮಾನ. ಅವನು ಹೋದ ಮೇಲೆ ಪೂರ್ತಿ ಮಧ್ಯಾಹ್ನ ಕೂತು ಅವನ ಹೊಟ್ಟೆಯನ್ನು ಅವನಿಗೆ ವಾಪಸು ಕೊಟ್ಟ. ಅದನ್ನು ಯಾರೂ ಗಮನಿಸಲಿಲ್ಲ, ಫೌಸ್ಟಿನೊ ಕೂಡ.

ಬೀಗದಕೈಯ ಮಾತು ಬಂದ ದಿನ ನಿಲ್ಟನ್ ಅಣ್ಣನಿಗೆ ಕೆಳಗಿನಿಂದ ಸಾರು ತಂದಿದ್ದ. ಡಾನ್ ಅಬಿಲಿಯೊ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ.

“ಡಾನ್, ಜನ ಪೋಸ್ಟರು ನೋಡಲ್ಲ,” ಎಡಿಲ್ ಪರದೆ ತೋರಿಸಿ ಹೇಳುತ್ತಿದ್ದ. ಅವನ ಕಣ್ಣುಗಳು ಮಿಂಚುತ್ತಿದ್ದವು. “ಯಾರು ಎಲ್ಲಿ ನಿಲ್ತಾರೆ ಅಂತ ದಿನಾ ನೋಡ್ತೀನಲ್ಲ ನಾನು. ನಿಮ್ಮ ಕೋಟು ಕಂಡ್ರೆ ಹಂಗೇ ಮೇಲಕ್ಕೆ ತಳ್ಳಿ ಹೋಗ್ತಾರೆ. ಆವತ್ತು ಮದುವೇಲಿ ಹುಡುಗಿ ಅವ್ವ ಗೋಳೋ ಅಂತ ಅತ್ತಳಲ್ಲ, ಹಿಂದೆ ನಿಮ್ಮ ಮೇಳ ಇತ್ತಲ್ಲ? ಆ ವಿಡಿಯೋ ಹತ್ರ ನಿಲ್ತಾರೆ. ನಿಂತೋರು ಹೋಗೋದೇ ಇಲ್ಲ.”

“ಅಳೋ ಮುಖ ನೋಡಿ ಯಾವನಾದ್ರೂ ಮೇಳ ಕರೀತಾನೇನೋ ಹುಚ್ಚ? ನನ್ನ ಹೆಸರು ದೊಡ್ಡದು ಮಾಡು.”

“ಮಾಡ್ತೀನಿ. ಇನ್ನೊಂದು. ಪೇಜಿನ ಬೀಗದಕೈ ನನ್ನೊಬ್ಬನ ಹತ್ರ ಇರೋದು ಸರಿಯಲ್ಲ. ನಿಮ್ಮ ಫೋನಿಗೂ ಹಾಕ್ಕೊಡ್ತೀನಿ ಕೊಡಿ.”

“ನನಗ್ಯಾಕೆ? ನನ್ನ ಮಕ್ಕಳು ಕೈ ಹಾಕಿ ಕೆಡಿಸ್ತವೆ. ನೀನಿದೀಯಲ್ಲ ಕಂಪಾದ್ರೆ. ನೀನೇನು ಸಾಯ್ತೀಯಾ?”

“ಸತ್ರೆ?”

“ಸತ್ರೆ ಮೇಳ ತಂದು ಸ್ಮಶಾನದಲ್ಲಿ ನಿನ್ನ ಗೂಡಿನ ತನಕ ಊದಿಸ್ತೀನಿ. ಈ ಕಣಿವೇಲಿ ಯಾವ ಮಗನೂ ಹಂಗೆ ಹೋಗಿರ್ಬಾರ್ದು.”

ಮೂವರೂ ನಕ್ಕರು. ಎಡಿಲ್ ಕೆಲಸಕ್ಕೆ ಕೂಲಿ ಕೇಳಬೇಕೆಂದಿದ್ದನೋ ಏನೋ, ಈ ಮಾತಿನ ಮೇಲೆ ಕೇಳಲಿಲ್ಲ.

ಮೊನ್ನೆ ಬೆಳಿಗ್ಗೆ ನಿಲ್ಟನ್ ಬಾಗಿಲು ತಳ್ಳಿದಾಗ ಎಡಿಲ್ ಅದೇ ಕುರ್ಚಿಯಲ್ಲಿದ್ದ. ಕಂಬಳಿ ಮೊಣಕಾಲ ಮೇಲಿತ್ತು. ತಣ್ಣಗಾದ ಕೈ ಮೌಸಿನ ಮೇಲಿತ್ತು. ಪರದೆಯ ಮೇಲೆ ಸಂತಿಯಾಗೊ ಹಬ್ಬದ ಪೋಸ್ಟರು, ಹನ್ನೊಂದು ತಲೆ ಕೂರಿಸಿ ಆಗಿತ್ತು. ಒಂದು ಕೋಟು ಖಾಲಿ ಇತ್ತು.

*

“ಬೆರಳು ಇದೆಯಲ್ಲ,” ಎಂದ ಕಬ್ಬಿಣದಂಗಡಿಯವನು.

ಯಾರಿಗೂ ಮೊದಲು ಅರ್ಥವಾಗಲಿಲ್ಲ.

“ಅಲ್ಲ, ಬೀಗದಕೈ ಎಲ್ಲಾ ಇವನ ಫೋನಲ್ಲಿದೆ, ಫೋನು ಬೆರಳಿಗೆ ತೆಗಿಯುತ್ತೆ. ಬೆರಳು ಇನ್ನೂ ಇಲ್ಲೇ ಇದೆಯಲ್ಲ ಅಂದೆ.”

ಡಾನ್ ಅಬಿಲಿಯೊ ಟೋಪಿ ತೆಗೆದು ಎದೆಗಿಟ್ಟುಕೊಂಡ. ಒಪ್ಪಿಗೆಯ ಗುರುತೇ ಅದು.

“ಮುಟ್ಟಿ ನೋಡಿ,” ನಿಲ್ಟನ್ ಪೆಟ್ಟಿಗೆಗೆ ಅಡ್ಡ ನಿಂತ. “ಒಬ್ಬರ ಕೈಯಾದ್ರೂ ಈ ಪೆಟ್ಟಿಗೆ ಒಳಗೆ ಹೋಗ್ಲಿ, ಆ ಕೈ ಮುರೀತೀನಿ. ಆಮೇಲೆ ಎರಡು ಪೆಟ್ಟಿಗೆ ಹೊರಿ.”

“ಮಗಾ.” ಅವ್ವ ಅವನ ಅಂಗಿ ಜಗ್ಗಿದಳು. “ನೀನೇ ಮಾಡು.”

“ಅವ್ವಾ!”

“ಅವರು ಯಾಕೆ ಮುಟ್ಬೇಕು? ನೀನು ತಮ್ಮ, ನೀನು ಮುಟ್ಟಿದ್ರೆ ತಪ್ಪಿಲ್ಲ. ನಿಮ್ಮಪ್ಪನ್ನ ನಾಯಿ ಹಂಗೆ ಮಣ್ಣಲ್ಲಿ ಬಿಟ್ಟು ಬಂದೆ ನಾನು. ಇವನನ್ನೂ ಹಂಗೆ ಕಳಿಸ್ತೀಯಾ?”

ಅಬಿಲಿಯೊನನ್ನು ಹೊಡೆದು ಮಲಗಿಸಬಲ್ಲ ಕೈ ಅವನದು. ಇಡೀ ಅಂಗಳವನ್ನೇ ಖಾಲಿ ಮಾಡಿಸಬಲ್ಲ. ಅಂಗಿಯ ತುದಿ ಹಿಡಿದ ಆ ಎರಡು ಬೆರಳನ್ನು ಬಿಡಿಸಿಕೊಳ್ಳುವುದು ಮಾತ್ರ ಅವನಿಂದಾಗಲಿಲ್ಲ.

ಅವನು ಪೆಟ್ಟಿಗೆಯ ಮುಚ್ಚಳದ ಗಾಜು ಸರಿಸಿದ. ಎದೆಯ ಮೇಲೆ ಜೋಡಿಸಿದ್ದ ಕೈಗಳಿಂದ ಬಲಗೈ ಬಿಡಿಸುವುದು ಸುಲಭವಾಗಿರಲಿಲ್ಲ, ಜಪಮಾಲೆ ಸಿಕ್ಕಿಕೊಂಡಿತ್ತು. ಹೆಬ್ಬೆರಳು ಮೇಣದ ಹಾಗೆ ತಣ್ಣಗಿತ್ತು. ನಿಲ್ಟನ್ ಅದನ್ನು ತನ್ನ ಸ್ವೆಟರಿಗೆ ಒರೆಸಿ ಅಣ್ಣನ ಫೋನಿಗೆ ಒತ್ತಿದ.

ಫೋನು ನಡುಗಿತು. ಗುರುತು ಸಿಗಲಿಲ್ಲ.

“ಒಣಗಿರುತ್ತೆ, ಉಸಿರು ಬಿಡು,” ಅಂದ ಹಲ್ಲಿನ ಡಾಕ್ಟರು.

ನಿಲ್ಟನ್ ಬಾಯಿಗೆ ಹತ್ತಿರ ತಂದು ಉಸಿರು ಬಿಟ್ಟ. ಚಿಕ್ಕವನಿದ್ದಾಗ ಚಳಿಗೆ ಅವನ ಕೈಗೆ ಅಣ್ಣ ಹೀಗೇ ಮಾಡುತ್ತಿದ್ದ. ಮತ್ತೆ ಒತ್ತಿದ. ಗುರುತು ಸಿಗಲಿಲ್ಲ.

“ಬಿಸಿನೀರಲ್ಲಿ ಅದ್ದು.”

“ಎಡಗೈ ನೋಡ್ರಪ್ಪ, ಕೆಲವರು ಎಡಗೈದು ಇಟ್ಟಿರ್ತಾರೆ.”

“ಜೋರಾಗಿ ಒತ್ತಬಾರ್ದು, ಮೆಲ್ಲಗೆ, ಮೆಲ್ಲಗೆ.”

ಎಲ್ಲರೂ ಹತ್ತಿರ ಬಂದಿದ್ದರು. ಎಲ್ಲರ ಕಣ್ಣೂ ಆ ಹೆಬ್ಬೆರಳಿನ ಮೇಲೆ. ಬದುಕಿದ್ದಾಗ ಎಡಿಲ್‌ನ ಕೈಯನ್ನು ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ. ಅವ್ವ ಮಗನ ಇನ್ನೊಂದು ಕೈ ಹಿಡಿದು, “ಕೊಡೋ ಎಡಿಲ್, ಕೊಟ್ಬಿಡೋ ಕಂದಾ, ನಿನಗೆ ಬೇಡವಲ್ಲೋ ಇನ್ನು” ಎಂದು ಕಿರುಚಿ ಪೆಟ್ಟಿಗೆಯ ಮೇಲೆ ಬಿದ್ದಳು. ಡಾನ್ ಅಬಿಲಿಯೊ ಎಲ್ಲರಿಗಿಂತ ಹಿಂದೆ ನಿಂತು ತನ್ನ ಫೋನನ್ನು ಮೇಲೆತ್ತಿ ಹಿಡಿದಿದ್ದ. ಬೀಗ ತೆಗೆದ ಗಳಿಗೆಗೆ ಪುರಾವೆ ಇರಲಿ ಎಂದಿರಬೇಕು.

ಫೋನು ಕಡೆಯ ಸಲ ನಡುಗಿತು. ಆಮೇಲೆ ಬೆರಳು ಬೇಡವೆಂದು ಗುಪ್ತಸಂಖ್ಯೆ ಕೇಳಿತು. ಗುಪ್ತಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ.

“ಮುಗೀತು,” ಎಂದು ಅಬಿಲಿಯೊ ಟೋಪಿ ಹಾಕಿಕೊಂಡು ಹೊರಗೆ ನಡೆದ. ಕೇಕಿನವಳು ಅವನ ಹಿಂದೆಯೇ ಉಗಿದಳು, ಆದರೆ ಅವನಿಗೆ ಕೇಳಿಸದಷ್ಟು ಮೆಲ್ಲಗೆ. ನಿಲ್ಟನ್ ಅಣ್ಣನ ಕೈಯನ್ನು ಮತ್ತೆ ಎದೆಯ ಮೇಲಿಡಲು ನೋಡಿದ. ಅದು ಮೊದಲಿನಂತೆ ಕೂರಲೇ ಇಲ್ಲ. ಹೆಬ್ಬೆರಳು ಮೇಲಕ್ಕೆ ನಿಂತಿತ್ತು, ಗಾಡಿಗೆ ಕೈ ಮಾಡುವವನ ಹಾಗೆ. ಒತ್ತಿ ಮಲಗಿಸಿ, ಮೇಲೆ ಒಂದು ಹೂವಿಟ್ಟು ಮುಚ್ಚಿದ.

*

ಪೆಟ್ಟಿಗೆ ಹೆಗಲಿಗೇರಿತು. ಮೆಲ್ಚೊರಾ ಹೊಸ್ತಿಲಲ್ಲಿ ಕೂತುಬಿಟ್ಟಳು, ಏಳಲೊಲ್ಲಳು. ಬೀದಿಯಲ್ಲಿ ವ್ಯಾನು ಹೊರಟ ಸದ್ದಾಯಿತು. ಸ್ವಲ್ಪ ದೂರ ಹೋಗಿ ನಿಂತ ಸದ್ದೂ ಆಯಿತು. ಆಮೇಲೆ ಅದು ಹಿಂದು ಹಿಂದಕ್ಕೇ ಬಂದು ಬಾಗಿಲ ಮುಂದೆ ನಿಂತಿತು. ಬಾಗಿಲು ತೆರೆದು ಫೌಸ್ಟಿನೊ ಹಾರ್ಪು ಹೊತ್ತು ಇಳಿದ. ಅವನ ಹಿಂದೆ ಸ್ಯಾಕ್ಸೊಫೋನುಗಳು ಒಂದೊಂದಾಗಿ ಬಿಸಿಲಿಗೆ ಹೊಳೆಯುತ್ತ ಇಳಿದವು.

ಅಬಿಲಿಯೊ ಬಂದು ಮೆಲ್ಚೊರಾಳ ತೋಳು ಹಿಡಿದು ಎತ್ತಿದ. ಅವನ ಮುಖವೇ ಬೇರೆಯಾಗಿತ್ತು. “ಏಳಮ್ಮ. ಮಾತು ಅಂದ್ರೆ ಮಾತು. ಕಂಪಾದ್ರೆನ ಒಬ್ಬನೇ ಕಳಿಸ್ತೀನಾ ನಾನು?”

ಅವಳು ಅವನ ಕೈಗೆ ಮುತ್ತಿಟ್ಟಳು. ನಿಲ್ಟನ್ ಮುಖ ತಿರುಗಿಸಿಕೊಂಡ. ಮುದುಕ ಫೌಸ್ಟಿನೊ ಹತ್ತಿರ ಬಂದು ಅವನ ಕಣ್ಣು ತಪ್ಪಿಸಿ, “ಬೇಜಾರ್ ಮಾಡ್ಕೋಬೇಡ ಮಗಾ, ನಾವು ಊದೋರು, ನುಡಿಸೋರು ಅಷ್ಟೇ” ಎಂದ. ಯಾಕೆ ಹಾಗಂದ ಎಂದು ಆಗ ಗೊತ್ತಾಗಲಿಲ್ಲ.

ಗೊತ್ತಾದದ್ದು ಸ್ಮಶಾನದಲ್ಲಿ. ಗೋಡೆಯ ಗೂಡಿನೊಳಗೆ ಪೆಟ್ಟಿಗೆ ತಳ್ಳಿ ಮೇಸ್ತ್ರಿ ಇಟ್ಟಿಗೆ ಜೋಡಿಸುತ್ತಿದ್ದ. ಮೇಳ ಊದುತ್ತಿತ್ತು. ಚೆನ್ನಾಗಿಯೇ ಊದುತ್ತಿತ್ತು, ಎದೆ ಸೀಳುವ ಹಾಗೆ. ನಡುವೆ ಒಂದು ಉಸಿರಿನ ಬಿಡುವು ಬಂದಾಗ ಅಬಿಲಿಯೊ ಕೈಯಲ್ಲಿದ್ದ ಮೈಕಿಗೆ ಕೂಗಿದ:

“ಹನ್ನೆರಡು ನಕ್ಷತ್ರಾ! ದುಃಖಕ್ಕೂ ನಾವೇ, ಸುಖಕ್ಕೂ ನಾವೇ! ಇದು ನಮ್ಮ ಹೊಸ ಪೇಜು, ಬಂಧುಗಳೇ, ಹಳೇದು ಹೋಯ್ತು. ಇದನ್ನೇ ಒತ್ತಿ, ನಾಲ್ಕು ಜನಕ್ಕೆ ಕಳಿಸಿ!”

ಉದ್ದನೆಯ ಕಡ್ಡಿಗೆ ಸಿಕ್ಕಿಸಿದ ಫೋನನ್ನು ವ್ಯಾನಿನ ಡ್ರೈವರು ಎತ್ತಿ ಹಿಡಿದು ಎಲ್ಲವನ್ನೂ ಆ ಪೇಜಿಗೆ ನೇರ ಕಳಿಸುತ್ತಿದ್ದ. ಅದರ ಪರದೆಯಲ್ಲಿ ಅವ್ವ ಇದ್ದಳು. ಬೆಳಿಗ್ಗೆ ಅಬಿಲಿಯೊ ತನ್ನ ಫೋನಿನಲ್ಲಿ ತೆಗೆದ ಅವಳ ಕಿರುಚಾಟ, ಪೆಟ್ಟಿಗೆ, ಹೆಬ್ಬೆರಳು, ನಿಲ್ಟನ್ ಉಸಿರು ಬಿಡುವುದು, ಎಲ್ಲ ಆಗಲೇ ಊರೂರು ಸುತ್ತಿ ಬಂದಿದ್ದವು. ಲೀಮಾದಿಂದ, ಗಣಿಯೂರುಗಳಿಂದ ಜನ ಪೇಜಿಗೆ ಬಂದು ನೋಡುತ್ತಿದ್ದರು. ನಿಂತವರು ಹೋಗುತ್ತಿರಲಿಲ್ಲ. ಕೆಂಪು ಹೃದಯಗಳು ಕೆಳಗಿನಿಂದ ಗುಳ್ಳೆಗಳಂತೆ ಎದ್ದು ಎದ್ದು ಬರುತ್ತಿದ್ದವು.

ನಿಲ್ಟನ್‌ನ ಕೈ ತಾನಾಗಿಯೇ ಮುಷ್ಟಿಯಾಯಿತು. ಎರಡು ಹೆಜ್ಜೆ ಇಟ್ಟರೆ ಆ ಕಡ್ಡಿ ಸಿಗುತ್ತಿತ್ತು. ಕಿತ್ತು ಮೇಸ್ತ್ರಿಯ ಸಿಮೆಂಟಿನ ತೊಟ್ಟಿಗೆ ಎಸೆದರೆ ಮುಗಿಯಿತು. ಮೇಳವೂ ಮುಗಿಯಿತು.

ಅವನು ಅವ್ವನ ಕಡೆ ನೋಡಿದ. ಅವಳಿಗೆ ಫೋನು ಕಾಣುತ್ತಿರಲಿಲ್ಲ, ಕೂಗು ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿ ನಿಂತಿದ್ದಳು. ಮೊನ್ನೆಯಿಂದ ಗಂಟಾಗಿದ್ದ ಹಣೆ ಬಿಚ್ಚಿಕೊಂಡಿತ್ತು. ಕರಿ ಲಂಗದ ಕೆಳಗೆ ಒಂದು ಪಾದ, ಅವಳಿಗೇ ತಿಳಿಯದೆ, ಮೆಲ್ಲಗೆ ತಾಳ ಹಾಕುತ್ತಿತ್ತು.

ಮುಷ್ಟಿ ಜೇಬಿಗೆ ಹೋಯಿತು.

ಮೇಸ್ತ್ರಿ ಕಡೆಯ ಇಟ್ಟಿಗೆ ಇಟ್ಟು ಗಾರೆ ಬಳಿದ. ಮೊಳೆಯಿಂದ ಹಸಿ ಗಾರೆಯ ಮೇಲೆ ಹೆಸರು ಕೆತ್ತಿದ. ಅಕ್ಷರಗಳು ಸೊಟ್ಟಗೆ ಇಳಿಜಾರಿನಲ್ಲಿ ಜಾರಿಹೋಗಿದ್ದವು. ಮೇಳ ನಿಂತಿತು. ಅಬಿಲಿಯೊ ನಿಲ್ಟನ್‌ನ ಹೆಗಲ ಮೇಲೆ ಕೈ ಹಾಕಿ ಮೈಕನ್ನು ಅವನ ಬಾಯಿಗೆ ಹಿಡಿದ. ಕಡ್ಡಿಯ ತುದಿಯ ಫೋನೂ ತಿರುಗಿತು.

“ಇವನೇ ನೋಡಿ ತಮ್ಮ. ಬೆರಳಿಗೆ ಉಸಿರು ಬಿಟ್ಟನಲ್ಲ, ಅವನೇ. ಹೇಳಪ್ಪ, ಎಲ್ಲರೂ ನೋಡ್ತಾವ್ರೆ. ನಿಮ್ಮಣ್ಣಂಗೆ ಜೀವದಷ್ಟು ಇಷ್ಟವಾದ ಮೇಳ ಯಾವ್ದು?”

ಕೇಕಿನವಳು, ಡಾಕ್ಟರು, ಕಬ್ಬಿಣದಂಗಡಿಯವನು, ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಅವ್ವ ಕಣ್ಣು ತೆರೆದಳು. ಮೇಳ ನಿಂತದ್ದೇಕೆಂದು ತಿಳಿಯದೆ ಕಂಗಾಲಾಗಿ ಸುತ್ತ ನೋಡಿದಳು. “ಊದ್ರಪ್ಪ,” ಎಂದಳು, “ಇನ್ನೊಂಚೂರು ಊದ್ರಪ್ಪ.”

ನಿಲ್ಟನ್ ಹೆಗಲ ಮೇಲಿನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ನಡೆದ. ಗೂಡುಗಳ ಸಾಲಿನ ನಡುವೆ, ಒಣಗಿದ ಹೂಗಳನ್ನು ತುಳಿಯುತ್ತ, ಗೇಟಿನ ಕಡೆಗೆ. ಹಿಂದೆ ಸ್ಯಾಕ್ಸೊಫೋನುಗಳು ಒಟ್ಟಿಗೆ ಉಸಿರೆಳೆದುಕೊಂಡವು. ಕಡ್ಡಿಯ ಮೇಲಿನ ಫೋನು ಅವನ ಬೆನ್ನನ್ನೇ ಹಿಂಬಾಲಿಸಿತು. ಬೆನ್ನು ಚಿಕ್ಕದಾಗುತ್ತ ಹೋದಷ್ಟೂ ಅದರ ಮೇಲೆ ಹೃದಯಗಳು ದಟ್ಟವಾಗಿ ಏಳತೊಡಗಿದವು.