ಮೂರನೇ ಕೋಣೆಯ ಕೌದಿ

ಶಾಂಭವಿ ಮತ್ತೊಮ್ಮೆ ಗುಂಡಿ ಒತ್ತಿ ಹಿಡಿದಳು. ಲ್ಯಾಪ್‌ಟಾಪ್ ಮಿಸುಕಲಿಲ್ಲ. ಕಲ್ಲಿನಷ್ಟು ತಣ್ಣಗಿದ್ದ ಅದರ ಮುಚ್ಚಳದ ಮೇಲೆ ಆಗಲೇ ಸಣ್ಣ ಹನಿಗಳು ಮೂಡತೊಡಗಿದ್ದವು.

"ಒತ್ತಬ್ಯಾಡ, ತಡಿ," ಎಂದ ಅಪ್ಪ ಶಂಭುಲಿಂಗ, ಕುರ್ಚಿಯಿಂದ ಏಳದೆ. "ಥಂಡಿ ಕೋಣಿಯಿಂದ ಹೊರಗ ತಂದ ಗೋಣಿ ಬಾಯಿ ಯಾರರ ಲಗೂನ ಬಿಚ್ಚತಾರೇನು? ಮೊದ್ಲ ಬೆವರು ಆರಬೇಕು. ಇಲ್ಲಂದ್ರ ಮೆಣಸಿನಕಾಯಿಗೆ ಬೂಷ್ಟ ಹಿಡಿತೈತಿ. ಇದಕ್ಕೂ ಅಷ್ಟ."

ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ ಅವಳ ಬೆರಳು ಕೇಳಿರಲಿಲ್ಲ. ಚಾರ್ಜರಿನ ತಂತಿಯನ್ನು ದೂರ ಸರಿಸಿ, ಒಣ ಬಟ್ಟೆಯಿಂದ ಹನಿ ಒರೆಸಿ ಕಾಯುತ್ತ ಕುಳಿತಳು.

ಬೆಂಗೇರಿಯ ಅಂಚಿನ ಅವರ ಕೋಲ್ಡ್ ಸ್ಟೋರೇಜಿನಲ್ಲಿ ಮೂರನೇ ಕೋಣೆಯ ಮೆಣಸಿನಕಾಯಿ ಈ ಸಲ ಬಣ್ಣಗೆಟ್ಟಿತ್ತು. ರಾತ್ರಿ ಪಾಳಿಯ ಹುಲಗೇಶ ತಂಪಿನ ಯಂತ್ರ ಬಂದ್ ಮಾಡಿ ಮಲಗುತ್ತಾನೆಂದು ಶಾಂಭವಿಯ ಗುಮಾನಿ. ಅಪ್ಪ ಒಪ್ಪಿರಲಿಲ್ಲ. "ಖರೇ ಅಂತ ತೋರಸು, ಅವತ್ತ ಅವನ್ನ ಕೆಲಸಾ ಬಿಡಸ್ತೇನಿ," ಎಂದಿದ್ದ. ಹಾಗಾಗಿ ನಿನ್ನೆ ಸಂಜೆ ಅವಳು ಲ್ಯಾಪ್‌ಟಾಪಿಗೆ ಉಷ್ಣಮಾಪಕದ ತಂತಿ ಸಿಕ್ಕಿಸಿ, ರಾತ್ರಿಯಿಡೀ ಕೋಣೆಯ ತಂಪನ್ನು ದಾಖಲಿಸಲು ಬಿಟ್ಟು, ಚೀಲಗಳ ಸಂದಿಯಲ್ಲಿ ಅಡಗಿಸಿಟ್ಟು ಹೋಗಿದ್ದಳು. ಬೆಳಿಗ್ಗೆ ಬಂದು ನೋಡಿದರೆ ಅದರ ಮೇಲೆ ಒಂದು ಕೌದಿ. ಲ್ಯಾಪ್‌ಟಾಪ್ ಸತ್ತಂತೆ ಬಿದ್ದಿತ್ತು.

ಪಾಳಿ ಮುಗಿದಿದ್ದರೂ ಹುಲಗೇಶ ಮನೆಗೆ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು ಸೀನುತ್ತಿದ್ದ. ಅವನ ಕಣ್ಣು ಕೆಂಪಗಿದ್ದವು. ಚೆನ್ನಾಗಿ ನಿದ್ದೆ ಹೊಡೆದ ಕಣ್ಣು, ಅಂದುಕೊಂಡಳು ಶಾಂಭವಿ.

"ಇದನ್ನ ಮುಟ್ಟಿದ್ರೇನು?"

"ಇಲ್ರಿ ಅಕ್ಕಾರ, ನನ್ನ ಕೌದಿ ಹೊಚ್ಚಿದೆ ಅಷ್ಟ. ನೀವು ಮರತ ಹೋಗೀರಿ ಅಂತ ತಿಳಿದೆ. ಸಣ್ಣ ದೀಪ ಮಿಣುಕಾಕತ್ತಿತ್ತು. ಹೊರಗ ತರೂನಂದ್ರ ತಂತಿ ಎಲ್ಲಿ ಹರದೀತೋ ಅಂತ ಅಂಜಿಕಿ. ಥಂಡಿಗೆ ಕೆಡಬಾರದಲ್ರಿ."

ಶಂಭುಲಿಂಗ ಹೊಟ್ಟೆ ಅಲುಗಿಸಿ ನಕ್ಕ. "ಬಾಣಂತಿ ಆರೈಕಿ ಮಾಡಿಯಲ್ಲೋ ಹುಲಗೇಶಿ! ಅಂಟಿನುಂಡಿ ತಿನಸೂದೊಂದ ಬಾಕಿ ಉಳೀತು ನೋಡು."

ಹುಲಗೇಶನೂ ನಕ್ಕ. ಮತ್ತೆ ಸೀನಿದ. "ನಿಮ್ಮ ಕೆಲಸಾ ಎಲ್ಲಾ ಅದರಾಗ ಐತೇನ್ರಿ ಅಕ್ಕಾರ? ಹೋಗಬಾರದ್ರಿ ಅದು," ಎಂದ.

ಶಾಂಭವಿ ಮುಚ್ಚಳದ ಮೇಲೆ ಮತ್ತೆ ಮೂಡಿದ ಹನಿ ಒರೆಸಿದಳು.

ಚಹಾ ಬಂತು, ಆರಿತು. ಕಿಟಕಿಯ ಬಿಸಿಲು ಮೇಜಿನ ಕಾಲಿನಿಂದ ಮೇಲೇರಿತು. ಮುಚ್ಚಳ ಒಣಗಿ ಕೈಗೆ ಬೆಚ್ಚಗೆ ಹತ್ತಿದ ಮೇಲೆ ಅವಳು ಚಾರ್ಜರ್ ಸಿಕ್ಕಿಸಿದಳು. ಬದಿಯಲ್ಲೊಂದು ಹಳದಿ ಚುಕ್ಕಿ ಹೊತ್ತಿತು. ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದಳು. ಒಳಗಿನ ಫ್ಯಾನು ನಿಟ್ಟುಸಿರಿಟ್ಟು ತಿರುಗಿತು, ಪರದೆ ಬೆಳಗಿತು.

ತೆರೆದ ಪುಟದಲ್ಲಿ ರಾತ್ರಿಯ ಉಷ್ಣ ತೋರಿಸುವ ಒಂದು ಗೆರೆ. ಸಂಜೆಯಿಂದ ನೆಲಕ್ಕೆ ಮಲಗಿಕೊಂಡು ಬಂದು, ನಡುರಾತ್ರಿಯ ಹತ್ತಿರ ಒಮ್ಮೆಲೇ ಮೇಲೇರತೊಡಗಿ, ನಸುಕಿನಲ್ಲಿ ಬ್ಯಾಟರಿ ಸೋತಲ್ಲಿ ಕಡಿದುಹೋಗಿತ್ತು.

ಶಂಭುಲಿಂಗ ಚಷ್ಮಾ ಹಾಕಿಕೊಂಡು ಬಗ್ಗಿದ. "ಏರೇತಲ್ಲ," ಎಂದ ಮೆಲ್ಲಗೆ. ಅವನ ಮುಖದ ನಗು ಹೋಗಿತ್ತು. ಬಾಗಿಲ ಕಡೆ ನೋಡಿ ಮತ್ತೆ ಮಗಳ ಕಡೆ ತಿರುಗಿದ. "ನೀ ಅಂದಂಗ ಆತೇನವ್ವಾ? ಹೇಳು."

ಗೆದ್ದೆ ಅನಿಸಿತು ಶಾಂಭವಿಗೆ. ಅವಳ ಎಡಗೈ, ಕೋಣೆಯಿಂದ ತಂದು ತೊಡೆಯ ಮೇಲಿಟ್ಟುಕೊಂಡಿದ್ದ ಕೌದಿಯ ಮೇಲಿತ್ತು. ಹಳೆಯ ಸೀರೆ, ಧೋತರ, ಯಾರದೋ ಶಾಲೆಯ ಅಂಗಿಯ ತುಂಡುಗಳನ್ನು ಒತ್ತೊತ್ತಾಗಿ ಹೊಲಿದ ದಪ್ಪ ಕೌದಿ.

"ಹುಲಗೇಶಣ್ಣ, ಇದನ್ನ ಯಾವಾಗ ಹೊಚ್ಚಿದ್ರಿ?"

"ನಡುರಾತ್ರಿ ಸುತ್ತ ಹಾಕಾಕ ಬಂದಾಗ್ರಿ. ಹನ್ನೆರಡರ ಸುಮಾರ."

ಗೆರೆ ತಲೆ ಎತ್ತಿದ್ದು ಅಲ್ಲಿಯೇ. ಅಪ್ಪನಿಗೆ ಆ ಅಂಕಿಗಳನ್ನು ಓದಲು ಬರುತ್ತಿರಲಿಲ್ಲ. ಅವಳ ಬಾಯನ್ನೇ ನೋಡುತ್ತಿದ್ದ.

"ಇದು ಕೋಣಿ ಬಿಸಿ ಅಲ್ಲಪ್ಪಾ," ಎಂದಳು. "ಕೌದ್ಯಾಗ ಲ್ಯಾಪ್‌ಟಾಪ್ ತಾನ ಕಾದು ಮಗ್ಗಲದ ಮಾಪಕಾನೂ ಕಾಸೇತಿ. ಹೊಚ್ಚೂತನಕ ಗೆರಿ ಅಲುಗಿಲ್ಲ ನೋಡು."

"ಮತ್ತ ಕಾಯಿ ಯಾಕ ಬಣ್ಣಗೆಟ್ವು?"

"ಗೊತ್ತಿಲ್ಲ. ನಾ ಅಂದದ್ದು ಇದರಾಗಂತೂ ಇಲ್ಲ."

ಶಂಭುಲಿಂಗ ಚಷ್ಮಾ ತೆಗೆದು ಕಿಸೆಗಿಟ್ಟ. ಏನೂ ತಿಳಿಯದ ಹುಲಗೇಶ ಬೆಳಗಿದ ಪರದೆಯನ್ನು ಕಂಡು, "ಬಂತಲ್ರಿ! ಛಲೋ ಆತು," ಎಂದ.

"ನೀವು ರಾತ್ರಿ ಏನ ಹೊಚಗೊಂಡ್ರಿ?"

"ಖಾಲಿ ಗೋಣಿ ಇದ್ದವಲ್ರಿ, ಮೆಣಸಿನಕಾಯಿವು," ಎಂದು ಮೂಗು ಒರೆಸಿಕೊಂಡ.

ಶಾಂಭವಿ ಎದ್ದು ಕೌದಿಯನ್ನು ಅಂಗಳಕ್ಕೆ ಒಯ್ದಳು. ಒಂದು ಮಗ್ಗುಲು ಇನ್ನೂ ಹಸಿಯಾಗಿತ್ತು. ಆ ಮಗ್ಗುಲು ಬಿಸಿಲಿಗೆ ಬರುವಂತೆ ಕಂಪೌಂಡಿನ ಮೇಲೆ ಹರವಿ, ನಾಲ್ಕೂ ಮೂಲೆಗಳನ್ನು ಜಗ್ಗಿ ಸರಿ ಮಾಡಿದಳು. ಒಳಗಿನಿಂದ ಮತ್ತೊಂದು ಸೀನು ಕೇಳಿಸಿತು.