ಅಣ್ಣನ ಶುರುವಿಲ್ಲದ ಲೋಕ

ಬಲಗೈ ತೊಳೆದು ಎಡಗೈ ಎತ್ತುವಾಗ ಅಣ್ಣನ ಮಣಿಕಟ್ಟು ತಮ್ಮನ ಹಿಡಿತದಿಂದ ಜಾರಿತು. ಬೆರಳಸಂದಿಯ ಎಣ್ಣೆಗಪ್ಪು ಸೋಪಿಗೂ ಬಗ್ಗಲಿಲ್ಲ. ಸತ್ತವನು ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ. ಅದಕ್ಕೆ ಮುಂಚೆ ಮದರಸಾದಲ್ಲಿ ತರ್ಕ ಕಲಿಸುತ್ತಿದ್ದ. ತೊಳೆಯುತ್ತಿದ್ದ ತಮ್ಮ ಅದೇ ಬೀದಿಯ ಮಸೀದಿಯ ಇಮಾಮ್. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಹೊರಗೆ ಇಬ್ಬರು ದರ್ಜಿಗಳು ಮಾತ್ರ ನಿಂತಿದ್ದರು.

"ಜಗತ್ತಿಗೆ ಶುರುವೇ ಇಲ್ಲ ಅಂತೀರಿ, ನನ್ನ ಮಷಿನ್ ಯಾವಾಗ ಶುರುವಾಗುತ್ತೆ ಮೇಷ್ಟ್ರೇ ಅಂತ ಕಾಡಿಸ್ತಿದ್ದೆ," ಎಂದ ಒಬ್ಬ.

"ಬೈತಿದ್ರಾ?"

"ನಕ್ಕು ಚಾ ತರಿಸೋರು."

ಸತ್ತವನ ಮಗಳು ಬಾಗಿಲಿಗೆ ಬಂದಳು. "ಚಿಕ್ಕಪ್ಪ, ಅಪ್ಪ ಧರ್ಮದಿಂದ ಹೊರಗೆ ಅಂತ ಎಲ್ಲರ ಮುಂದೆ ಹೇಳಿದ್ದು ನೀವು. ಅಪ್ಪನ ಕೊನೆಯ ನಮಾಜಿಗೆ ಯಾರೂ ಬರ್ತಿಲ್ಲ. ಆ ಮಾತು ನೀವೇ ವಾಪಸ್ ತಗೋಬೇಕು."

"ಅದು ನಂಬಿಕೆಯ ಪ್ರಶ್ನೆ, ಮಗಳೇ."

"ಹೌದಾ?" ಎಂದಳು.

*

ಆ ಮಾತು ಆಡಿದ ದಿನ ಮದರಸಾದ ಸಭೆಯಲ್ಲಿ ಅಣ್ಣ ಹೇಳಿದ್ದಿಷ್ಟು: ಜಗತ್ತನ್ನು ಮಾಡಿದವನು ದೇವರೇ. ಆದರೆ ಸೂರ್ಯನಿರುವಾಗಲೆಲ್ಲ ಬೆಳಕಿರುವಂತೆ, ದೇವರಿರುವಾಗಲೆಲ್ಲ ಜಗತ್ತೂ ಇದೆ. ಅದಿಲ್ಲದ ಕಾಲವೇ ಇರಲಿಲ್ಲ. ತಮ್ಮ ಎದ್ದು, ಇಲ್ಲ, ಅದು ಒಂದು ಗಳಿಗೆಯಲ್ಲಿ ಹುಟ್ಟಿದ್ದು ಎಂದ.

"ಎಂದೂ ಬದಲಾಗದ ದೇವರು ಆ ಗಳಿಗೆವರೆಗೆ ಯಾಕಪ್ಪ ಕಾದ? ಮುಂಚೆಯೇ ಯಾಕೆ ಮಾಡಲಿಲ್ಲ?" ಎಂದು ಅಣ್ಣ ಕೇಳಿದ.

ತಮ್ಮನಿಗೆ ಉತ್ತರ ಹೊಳೆಯಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಅವನು ಸಭೆಯತ್ತ ತಿರುಗಿದ. ಇಂಥ ಮಾತಾಡುವವನು ಧರ್ಮದೊಳಗಿಲ್ಲ ಎಂದುಬಿಟ್ಟ.

ಅಣ್ಣನ ಕೆಲಸ ಹೋಯಿತು. ತಮ್ಮನಿಗೆ ಉತ್ತರ ಹೊಳೆದದ್ದು ಆಮೇಲೆ: ಗಳಿಗೆಯನ್ನು ಆರಿಸುವುದು ದೇವರ ಇಚ್ಛೆ, ಆ ಇಚ್ಛೆಗೆ ಬೇರೆ ಕಾರಣ ಬೇಕಿಲ್ಲ. ಅದನ್ನು ಹೇಳಲು ಅಣ್ಣನ ಮನೆಗೆ ಹೋಗುವ ಮುಖ ಉಳಿದಿರಲಿಲ್ಲ.

*

ಕಫನ್ ಬಟ್ಟೆ ಸುತ್ತಿ ಮುಗಿದ ಮೇಲೆ ಇಮಾಮ್ ಮಸೀದಿಗೆ ಹೋಗಿ ಮೈಕ್ ಹಿಡಿದ.

"ನನ್ನ ಅಣ್ಣ ತೀರಿಕೊಂಡಿದ್ದಾನೆ. ಧರ್ಮದೊಳಗೇ ಇದ್ದ. ವಾದದಲ್ಲಿ ಸೋತ ಸಿಟ್ಟಿಗೆ ನಾನು ಆ ಮಾತು ಆಡಿದ್ದೆ. ನಮಾಜಿಗೆ ಬನ್ನಿ."

ಅಂಗಡಿಗಳ ಶಟರ್ ಅರ್ಧ ಇಳಿಸಿ ಜನ ಬಂದರು. ಮೊದಲ ಸಾಲು ತುಂಬಿತು. ನಮಾಜ್ ಮುಗಿಸಿ ಅವನು ತಿರುಗಿದಾಗ ಯಾರೂ ಅವನ ಮುಖ ನೋಡಲಿಲ್ಲ.

ಮಣ್ಣು ಮುಚ್ಚಿ, ನಲ್ಲಿಯಲ್ಲಿ ಕೈ ತೊಳೆದು ಎಲ್ಲರೂ ಹೊರಟರು. ಗೋರಿಯೊಳಗೆ ದೇವದೂತರು ಬಂದು ಪ್ರಶ್ನೆ ಕೇಳುತ್ತಾರೆ. ಸತ್ತವನಿಗೆ ಉತ್ತರ ನೆನಪಿಸಲು ಒಬ್ಬ ಕೂರಬೇಕು. ಗೋರಿಯ ತಲೆಭಾಗದಲ್ಲಿ ತಮ್ಮನೇ ಕುಳಿತ.

"ನಿನ್ನ ಒಡೆಯ ಯಾರು ಅಂತ ಕೇಳಿದರೆ, ಅಲ್ಲಾಹ್ ಅನ್ನು," ಎಂದ.

ಸುಮ್ಮನಾದ. ಮುಂದಿನ ಮಾತು ಹೇಳಿ ಮತ್ತೆ ಸುಮ್ಮನಾದ. ಪ್ರತಿ ಸಲವೂ ಅಣ್ಣನ ಆಕ್ಷೇಪಕ್ಕೆ ಎಡೆ ಬಿಡುವವನಂತೆ ಹಸಿ ಮಣ್ಣಿನತ್ತ ಬಾಗಿ ಕಾಯುತ್ತಿದ್ದ. ಗೋರಿ ತೋಡುವವನು ಬೀಗ ಹಿಡಿದು ಗೇಟಿನಲ್ಲಿ ನಿಂತೇ ಇದ್ದ.