ಏರಿಯ ಬುಡದಲ್ಲಿ ಬಗ್ಗಡ ನೀರು

ಊರಿಗೆಲ್ಲ ಕುಡಿಯುವ ನೀರು ಕೊಡುವ ಹಳೆಯ ಮಣ್ಣಿನ ಅಣೆಕಟ್ಟು. ಅದರ ಕೆಳಗೇ ಲಾಂಡ್ರಿಯಮ್ಮನ ಮನೆ, ಮನೆಯ ಮುಂದೆಯೇ ಅಂಗಡಿ. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಿರುವಾಗ ಏರಿಯ ಬುಡದಲ್ಲಿ ತಾನಾಗಿಯೇ ನೀರು ಒಸರತೊಡಗಿತು. ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಅವಳು ಅಲ್ಲಿ ಕಲ್ಲು ಹಾಸಿ, ಸುತ್ತ ತಗಡು ನಿಲ್ಲಿಸಿ, ಯಾರಿಗೂ ಹೇಳದೆ ಬಟ್ಟೆ ಒಗೆದಳು.

ಮಳೆ ಹಿಡಿದು ಅಣೆಕಟ್ಟು ತುಂಬಿದ ಮೇಲೆ ಆಸ್ಪತ್ರೆಯ ಬಿಳಿ ಹೊದಿಕೆಗಳಿಗೆ ಕೆಂಪು ಛಾಯೆ ಬಂತು. ನೀರು ಸೋಸಿದಳು, ಸೋಪು ಬದಲಿಸಿದಳು, ಸೋಪು ಮಾರಿದವನ ಜೊತೆ ಜಗಳವನ್ನೂ ಆಡಿದಳು. ಏರಿಯ ಮೇಲೆ ಮಾತ್ರ ಸಂಶಯ ಬರಲಿಲ್ಲ.

ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದ ಅವಳ ನಾದಿನಿ, ಆ ಮನೆಯಲ್ಲೇ ಇದ್ದ ತನ್ನ ತಾಯಿಯನ್ನು ನೋಡಲು ಬಂದಳು. ಬಟ್ಟೆ ನೆನೆಸುವ ತೊಟ್ಟಿಯ ತಳದ ಮಣ್ಣು ಕಂಡು, ನೀರು ಎಲ್ಲಿಂದ ಬಂತೆಂದು ಕೇಳಿ, ಏರಿಯ ಬುಡಕ್ಕೆ ಹೋಗಿ ನೋಡಿದಳು.

"ಅತ್ತಿಗೆ, ತಿಳಿನೀರು ಒಸರಿದ್ರೂ ಕಚೇರಿಗೆ ತಿಳಿಸ್ಬೇಕು. ಬಗ್ಗಡ ಬಂದ್ರೆ ಒಂದು ಗಳಿಗೇನೂ ಕಾಯಬಾರ್ದು. ಏರಿಯೊಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ."

ಅತ್ತಿಗೆ ನಕ್ಕಳು. ಅಜ್ಜನ ಕಾಲದಿಂದ ನಿಂತದ್ದು ಇವತ್ತು ಬೀಳುತ್ತದೆಯೇ, ಬೇಕಿದ್ದರೆ ಒಂದು ಬಾಂಡ್ಲಿ ಸಿಮೆಂಟ್ ಮೆತ್ತಿದರಾಯಿತು ಎಂದಳು. ಮುಚ್ಚಿದರೆ ನೀರು ಇನ್ನೊಂದು ದಾರಿ ಕೊರೆಯುತ್ತದೆ, ಅಣೆಕಟ್ಟಿನ ನೀರನ್ನೇ ಇಳಿಸಬೇಕು ಎಂದು ನಾದಿನಿ ಫೋನ್ ತೆಗೆದಳು.

"ನೆಗಡಿ ಬಂತು ಅಂತ ಮೂಗು ಕುಯ್ಕೊಳ್ತಾರೇನೇ? ಊರಿಗೆ ನೀರು ಕಮ್ಮಿಯಾದ್ರೆ, ನಮ್ಮನೆಯಿಂದ್ಲೇ ದೂರು ಹೋಯ್ತು ಅಂತ ಬೈಗುಳ ನನಗೇ."

"ಏರಿ ಒಡೆದ್ರೆ ನೀವು ಓಡ್ತೀರಿ. ಹಿಂದಿನ ಕೋಣೇಲಿ ಮಲಗಿರೋ ಅಮ್ಮ ಓಡ್ತಾಳಾ?"

ಸೊಂಟ ಮುರಿದು ಮಲಗಿದ್ದ ಅತ್ತೆಯ ಮಗ್ಗುಲು ಬದಲಿಸುತ್ತಿದ್ದವಳು ಈ ಸೊಸೆಯೇ. ಅವಳು ಕೈಯಲ್ಲಿದ್ದ ಬಟ್ಟೆ ಬಿಟ್ಟು ಒಳಗೆ ಓಡಿದಳು. ನಾದಿನಿ ಕಚೇರಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಅತ್ತೆಯನ್ನು ಗಂಡನ ಕೈಯಲ್ಲಿ ಎತ್ತಿಸಿ ಮೇಲಿನ ಬೀದಿಯ ನೆಂಟರ ಮನೆಗೆ ಸಾಗಿಸಿದಳು. ಅಕ್ಕಪಕ್ಕದ ಮನೆಯವರನ್ನೂ ಕೂಗಿ ಹೊರಡಿಸಿದಳು.

ಕಚೇರಿಯವರು ತೂಬು ತೆರೆದು ನೀರು ಇಳಿಸಿದರು. ಒಸರಿನ ಮೇಲೆ ಮರಳು, ಜಲ್ಲಿ ಪದರಪದರವಾಗಿ ಹಾಕಿದರು. ನೀರು ಹೋಗಬೇಕು, ಮಣ್ಣು ನಿಲ್ಲಬೇಕು. ಆಮೇಲೆ ಅಗೆದು ನೋಡಿದರೆ ಏರಿಯೊಳಗೆ ಹಾದುಹೋದ ಹಳೆಯ ಕೊಳವೆಯ ಪಕ್ಕದಲ್ಲಿ ಮನುಷ್ಯ ತೂರುವಷ್ಟು ಟೊಳ್ಳು. ಲಾಂಡ್ರಿಯಮ್ಮ ಅದನ್ನು ನೋಡಿ ಅತ್ತಳು.

ದುರಸ್ತಿ ಮುಗಿಯುವವರೆಗೆ ನೀರು ದಿನ ಬಿಟ್ಟು ದಿನ ಬಂತು. ಬೈದವರಿಗೆಲ್ಲ ಅವಳೇ ಆ ಟೊಳ್ಳು ತೋರಿಸಿದಳು.

ನಿಮ್ಮೂರಿನ ಅಣೆಕಟ್ಟಿಗೂ ವಯಸ್ಸಾಗಿರಬಹುದು. ಒಸರು, ಬಿರುಕು, ಕುಸಿತ ಕಂಡರೆ ಬಚ್ಚಿಡಬೇಡಿ, ನೀವೇ ಮೆತ್ತಲೂ ಹೋಗಬೇಡಿ. ಅಂದೇ ತಿಳಿಸಿ. ವರ್ಷವರ್ಷವೂ ತಪಾಸಣೆ ಆಯಿತೇ ಎಂದು ಕೇಳಿ. ದುರಸ್ತಿಗೆಂದು ನೀರು ಕಡಿಮೆ ಬಿಟ್ಟಾಗ ಸಹಿಸಿಕೊಳ್ಳಿ. ಅಣೆಕಟ್ಟಿನ ಕೆಳಗೆ ಓಡಲಾಗದವರು ಯಾರಾದರೂ ಮಲಗಿರುತ್ತಾರೆ.